ಲ್ಯಾಬ್ ರೆಕಾರ್ಡ್‌ನ ಆ ಒಂದು ಸಾಲು ಬದಲಿಸಿ

ಸಂಪಾದಕರಿಗೆ ನಮಸ್ಕಾರ,

ಹೋದ ತಿಂಗಳು ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಅಕ್ಕನ ಮಗ ಈ ವರ್ಷ ಕಾಲೇಜಿಗೆ ಸೇರಿದ್ದಾನೆ. ಸ್ಕಾಲರ್‌ಶಿಪ್ ಅರ್ಜಿಗೆ ಫೀಸ್ ರಸೀದಿ ಬೇಕಿತ್ತು. ಊರಲ್ಲಿ ಪ್ರಿಂಟರ್ ಇಲ್ಲ, ನೀನು ಪ್ರಿಂಟ್ ತೆಗೆದು ಬಸ್ಸಲ್ಲಿ ಕಳಿಸು ಎಂದು ಭಾವ ಫೋನ್ ಮಾಡಿದರು. ಲಿಂಕ್ ವಾಟ್ಸಾಪ್ ಮಾಡಿ ಅಂದೆ. ಬೆಳಿಗ್ಗೆಯಿಂದ ಅವರಿಗೆ ನೆಟ್ ಇರಲಿಲ್ಲ. ಕಾಲೇಜಿನಿಂದ ಬಂದ ಎಸ್ಸೆಮ್ಮೆಸ್ ನೋಡಿಕೊಂಡು ಒಂದೊಂದೇ ಅಕ್ಷರ ಓದಿ ಹೇಳಿದರು, ನಾನು ಇಲ್ಲಿ ಒತ್ತುತ್ತಾ ಹೋದೆ. ಕೊನೆಗೆ ಬಂದದ್ದು ಪ್ರಶ್ನೆ ಚಿಹ್ನೆ, ರಸೀದಿ, ಈಕ್ವಲ್ ಟು, 4127. ಅವಸರದಲ್ಲಿ ನಾನು 4172 ಎಂದು ಒತ್ತಿದ್ದೆ.

ರಸೀದಿ ತೆರೆಯಿತು. ಅದು ಬೇರೆ ಯಾರೋ ಒಬ್ಬ ಹುಡುಗಿಯದ್ದು. ಹೆಸರು, ತಂದೆಯ ಹೆಸರು, ಮನೆ ವಿಳಾಸ, ಮೊಬೈಲ್ ನಂಬರ್, ಜಾತಿ ಕೆಟಗರಿ, ಎಷ್ಟು ಕಟ್ಟಿದ್ದಾಳೆ, ಎಷ್ಟು ಬಾಕಿ ಇದೆ, ಎಲ್ಲ ಒಂದೇ ಪುಟದಲ್ಲಿ. ಲಾಗಿನ್ ಕೇಳಲಿಲ್ಲ. ಪಾಸ್‌ವರ್ಡ್ ಕೇಳಲಿಲ್ಲ. ತಕ್ಷಣ ಪುಟ ಮುಚ್ಚಿದೆ. ನನಗೂ ಹೆಣ್ಣುಮಗಳಿದ್ದಾಳೆ. ಅವಳ ಫೋನ್ ನಂಬರ್, ಮನೆ ವಿಳಾಸ ಹೀಗೆ ಬೀದಿಗೆ ಬಿದ್ದಿದ್ದರೆ ಹೇಗಿರುತ್ತಿತ್ತು ಎಂದು ಯೋಚಿಸಿ ಆ ದಿನ ಕೆಲಸದಲ್ಲಿ ಮನಸ್ಸೇ ನಿಲ್ಲಲಿಲ್ಲ.

ನಾನು ಮಂಗಳೂರಿನಲ್ಲಿ ವೆಬ್‌ಸೈಟ್ ಮಾಡುವ ಕೆಲಸದಲ್ಲಿದ್ದೇನೆ. ಹದಿನೈದು ವರ್ಷದ ಮೇಲಾಯಿತು. ಸಹಕಾರಿ ಸಂಘ, ಶಾಲೆ, ಸಣ್ಣ ಆಸ್ಪತ್ರೆ, ದೇವಸ್ಥಾನದ ಸೇವಾ ರಸೀದಿ, ಹೀಗೆ ಊರಿನ ಕೆಲಸಗಳೇ ಜಾಸ್ತಿ. ಹಾಗಾಗಿ ಕಾಲೇಜಿಗೆ ಫೋನ್ ಮಾಡಿ ಏನಾಗಿದೆ ಎಂದು ಹೇಳಿದೆ. ಆಫೀಸಿನಲ್ಲಿದ್ದವರು ಒಳ್ಳೆಯ ಮಾತಿನಲ್ಲೇ ಕೇಳಿದರು: "ಅಲ್ಲ ಸಾರ್, ಯಾರು ಕೂತು ನಂಬರ್ ಬದಲಾಯಿಸಿ ನೋಡ್ತಾರೆ?" ಸುಮ್ನೆ ಕೈ ತಪ್ಪಿದರೂ ಸಾಕು, ನನಗೆ ಆದದ್ದು ಅದೇ ಅಂದೆ. ಸಂಜೆ ಆ ವೆಬ್‌ಸೈಟ್ ಮಾಡಿದ ಹುಡುಗ ಫೋನ್ ಮಾಡಿದ. ಅದೇ ಕಾಲೇಜಿನಲ್ಲಿ ಓದಿದವನು, ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ಅವನು ಹೇಳಿದ ಒಂದು ಮಾತಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ. "ಸಾರ್, ನಮಗೆ ಲ್ಯಾಬಲ್ಲಿ ಹೇಗೆ ಹೇಳಿಕೊಟ್ಟಿದ್ದರೋ ಹಾಗೇ ಬರೆದಿದ್ದೀನಿ."

ಅವನು ಹೇಳಿದ್ದು ನಿಜ. ನಮ್ಮ ಆಫೀಸಿಗೆ ಪ್ರತಿ ವರ್ಷ ಇಂಟರ್ನ್‌ಶಿಪ್‌ಗೆ ಬರುವ ಮಕ್ಕಳ ಲ್ಯಾಬ್ ರೆಕಾರ್ಡ್ ನಾನು ನೋಡುತ್ತೇನೆ. ನೀಟಾಗಿ ಬೈಂಡ್ ಮಾಡಿಸಿ, ಕೆಂಪು ಪೆನ್ನಿನ ಸಹಿ ಹಾಕಿಸಿಕೊಂಡ ರೆಕಾರ್ಡ್ ಅದು. ಅದರಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ವೆಬ್ ವಿಳಾಸದಲ್ಲಿ ಬಂದದ್ದನ್ನು ತೆಗೆದುಕೊಂಡು, ನೋಡದೆ, ತಡೆಯದೆ, ನೇರವಾಗಿ ಡೇಟಾಬೇಸ್‌ಗೆ, ಅಂದರೆ ಮಾಹಿತಿ ಕೂಡಿಟ್ಟ ಜಾಗಕ್ಕೆ, ಕೇಳುವ ಪ್ರಶ್ನೆಯ ಬಾಲಕ್ಕೆ ಅಂಟಿಸುವ ಸಾಲು. ಈ ಪತ್ರ ಆ ಒಂದು ಸಾಲಿನ ಬಗ್ಗೆ.

ಕಂಪ್ಯೂಟರ್ ಗೊತ್ತಿಲ್ಲದ ಓದುಗರಿಗೂ ಇದು ಅರ್ಥವಾಗಬೇಕು, ಏಕೆಂದರೆ ರಸೀದಿ ಅವರ ಮಕ್ಕಳದ್ದು. ಬ್ರೌಸರ್‌ನ ಮೇಲಿನ ಪಟ್ಟಿಯಲ್ಲಿ ವಿಳಾಸ ಕಾಣುತ್ತದಲ್ವಾ, ಅದರಲ್ಲಿ ಪ್ರಶ್ನೆ ಚಿಹ್ನೆಯ ನಂತರ ಬರುವುದಕ್ಕೆ ಪ್ಯಾರಾಮೀಟರ್ ಅನ್ನುತ್ತಾರೆ. ಒಂದು ಹೆಸರು, ಒಂದು ಸಮ ಚಿಹ್ನೆ, ಒಂದು ಬೆಲೆ, ಅಂದರೆ ಆ ಹೆಸರಿಗೆ ಕೊಟ್ಟ ಸಂಖ್ಯೆ ಅಥವಾ ಪದ. ಇನ್ನೊಂದು ಬೇಕಾದರೆ ನಡುವೆ & ಚಿಹ್ನೆ. ನಾವು ಸಣ್ಣವರಿದ್ದಾಗ ಅಮ್ಮ ಚೀಟಿ ಬರೆದು ಅಂಗಡಿಗೆ ಕಳಿಸುತ್ತಿದ್ದರು. ಸಕ್ಕರೆ ಎರಡು ಕೆಜಿ, ಸಾಸಿವೆ ನೂರು ಗ್ರಾಂ. ಇದೂ ಅಂಥದ್ದೇ ಚೀಟಿ. ಸರ್ವರ್‌ನಲ್ಲಿರುವ, ಅಂದರೆ ಸೈಟನ್ನು ನಡೆಸುವ ಕಂಪ್ಯೂಟರ್‌ನಲ್ಲಿರುವ, ಸ್ಕ್ರಿಪ್ಟ್ ಎಂಬ ಪ್ರೋಗ್ರಾಂ ಅಂಗಡಿಯವರ ಜಾಗದಲ್ಲಿದೆ. ಚೀಟಿ ಓದಿ ಸಾಮಾನು ಕಟ್ಟಿಕೊಡುತ್ತದೆ.

ಆದರೆ ಅಂಗಡಿಯವರು ಚೀಟಿಯನ್ನು ಕಣ್ಣು ಮುಚ್ಚಿ ನಂಬುತ್ತಿರಲಿಲ್ಲ. ಸಾಸಿವೆ ನೂರು ಕೆಜಿ ಎಂದಿದ್ದರೆ ಮನೆಗೆ ಹೇಳಿ ಕಳಿಸುತ್ತಿದ್ದರು. ಪಕ್ಕದ ಮನೆಯ ಲೆಕ್ಕದ ಪುಸ್ತಕ ಕೊಡಿ ಎಂದು ಚೀಟಿಯಲ್ಲಿದ್ದರೆ ಕೊಡುತ್ತಲೇ ಇರಲಿಲ್ಲ. ಗಲ್ಲಾ ತೆಗೆದು ಎಲ್ಲ ದುಡ್ಡು ಚೀಲಕ್ಕೆ ಹಾಕಿ ಎಂದಿದ್ದರೆ ಹುಡುಗನನ್ನು ಕೂರಿಸಿಕೊಂಡು ಯಾರು ಬರೆದದ್ದು ಎಂದು ಕೇಳುತ್ತಿದ್ದರು. ನಮ್ಮ ಸ್ಕ್ರಿಪ್ಟ್‌ಗಳಿಗೆ ಈ ಮೂರೂ ತಿಳಿವಳಿಕೆ ಬೇಕು. ನಾವು ಬರೆದುಕೊಡದಿದ್ದರೆ ಅವಕ್ಕೆ ಅದು ಬರುವುದಿಲ್ಲ.

ಮೊದಲು, ನನ್ನ ಕಣ್ಣೆದುರಿಗೇ ಆದ ತಪ್ಪು. ಪಕ್ಕದ ಮನೆಯ ಲೆಕ್ಕದ ಪುಸ್ತಕ ಕೊಟ್ಟದ್ದು. 4172 ಒಂದು ಸರಿಯಾದ ಸಂಖ್ಯೆ. ಆ ರಸೀದಿ ನಿಜವಾಗಿಯೂ ಇದೆ. ಸಂಖ್ಯೆಯ ರೂಪವನ್ನು ಎಷ್ಟು ಪರೀಕ್ಷೆ ಮಾಡಿದರೂ ಈ ತಪ್ಪು ಸಿಗುವುದಿಲ್ಲ. ಕೇಳಬೇಕಾದ ಪ್ರಶ್ನೆಯೇ ಬೇರೆ: ಕೇಳುತ್ತಿರುವವರು ಯಾರು, ಈ ರಸೀದಿ ಅವರದ್ದಾ? ಡೇಟಾಬೇಸ್‌ಗೆ "ರಸೀದಿ ನಂಬರ್ ಇಷ್ಟು" ಎಂದು ಮಾತ್ರ ಕೇಳಿದರೆ ಸಾಲದು. "ರಸೀದಿ ನಂಬರ್ ಇಷ್ಟು, ಮತ್ತು ವಿದ್ಯಾರ್ಥಿ ಈಗ ಲಾಗಿನ್ ಆಗಿರುವವರೇ" ಎಂದು ಕೇಳಬೇಕು. ಲಾಗಿನ್ ಆದವರು ಯಾರು ಎಂಬುದನ್ನು ವಿಳಾಸದಿಂದ ಓದಬಾರದು, ಸರ್ವರ್ ತಾನೇ ಇಟ್ಟುಕೊಂಡ ಸೆಷನ್‌ನಿಂದ, ಅಂದರೆ ಲಾಗಿನ್ ಆದವರ ಗುರುತಿನ ದಾಖಲೆಯಿಂದ, ಓದಬೇಕು. ಅದನ್ನೂ ವಿಳಾಸದಲ್ಲೇ ಹಾಕಿರುವ ಸೈಟುಗಳನ್ನು ನೋಡಿದ್ದೇನೆ. ಆಗ ಒಂದು ನಂಬರ್ ಬದಲು ಎರಡು ನಂಬರ್ ಬದಲಾಯಿಸಬೇಕು, ಅಷ್ಟೇ ವ್ಯತ್ಯಾಸ.

ಇದು ಸಣ್ಣ ಊರಿನ ಸಣ್ಣ ಸೈಟಿನ ಕಥೆ ಎಂದುಕೊಳ್ಳಬೇಡಿ. 2011ರಲ್ಲಿ ಅಮೆರಿಕದ ಸಿಟಿಗ್ರೂಪ್ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಸೈಟಿನಲ್ಲಿ ಹೀಗೇ ಆಯಿತು. ಕಳ್ಳರು ಒಮ್ಮೆ ಒಳಗೆ ಹೋದ ಮೇಲೆ ವಿಳಾಸದಲ್ಲಿದ್ದ ಖಾತೆಯ ಅಂಕಿಗಳನ್ನು ಬದಲಾಯಿಸುತ್ತಾ ಹೋದರು ಎಂದು ಆಗ ವರದಿಯಾಯಿತು. 3,60,000ಕ್ಕೂ ಹೆಚ್ಚು ಖಾತೆಗಳ ಮಾಹಿತಿ ಹೋಯಿತು. 2019ರಲ್ಲಿ ಫಸ್ಟ್ ಅಮೆರಿಕನ್ ಎಂಬ ಆಸ್ತಿ ದಾಖಲೆ ವಿಮೆಯ ದೊಡ್ಡ ಕಂಪನಿಯ ಸೈಟಿನಲ್ಲಿ ಸುಮಾರು 88.5 ಕೋಟಿ ದಾಖಲೆಗಳು ತೆರೆದು ಬಿದ್ದಿದ್ದವು ಎಂಬುದನ್ನು ಪತ್ರಕರ್ತ ಬ್ರಯಾನ್ ಕ್ರೆಬ್ಸ್ ಬಯಲಿಗೆ ತಂದರು. ಮನೆ ಸಾಲದ ಕಾಗದ, ಬ್ಯಾಂಕ್ ಖಾತೆಯ ವಿವರ, ಎಲ್ಲವೂ ಅದರಲ್ಲಿದ್ದವು. ಒಂದು ದಾಖಲೆಯ ಲಿಂಕ್ ಇದ್ದವರು ಅದರಲ್ಲಿ ಒಂದು ಅಂಕಿ ಬದಲಿಸಿದರೆ ಇನ್ನೊಬ್ಬರ ದಾಖಲೆ. ಲಾಗಿನ್ ಇಲ್ಲ. ನನ್ನ ಭಾವ ಓದಿ ಹೇಳಿದ ವಿಳಾಸಕ್ಕೂ ಅದಕ್ಕೂ ಏನು ವ್ಯತ್ಯಾಸ ಹೇಳಿ. ವೆಬ್ ಸುರಕ್ಷತೆಯ ದೊಡ್ಡ ತಪ್ಪುಗಳ ಪಟ್ಟಿ ಮಾಡುವ ಒವಾಸ್ಪ್ ಸಂಸ್ಥೆ 2021ರ ಪಟ್ಟಿಯಲ್ಲಿ ಮೊದಲನೇ ಸ್ಥಾನ ಕೊಟ್ಟದ್ದು ಈ ಜಾತಿಯ ತಪ್ಪುಗಳಿಗೇ.

ಇನ್ನು ಗಲ್ಲಾ ಖಾಲಿ ಮಾಡಿಸುವ ಚೀಟಿ. ಇದು ಲ್ಯಾಬ್ ರೆಕಾರ್ಡ್‌ನ ಸಾಲಿನ ನೇರ ಫಲ. ರೆಕಾರ್ಡ್‌ನಲ್ಲಿ "ರಸೀದಿ ಪಟ್ಟಿಯಿಂದ ಎಲ್ಲವನ್ನೂ ತೆಗೆ, ಎಲ್ಲಿ ನಂಬರ್ ಸಮ" ಎಂದು ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಎಸ್‌ಕ್ಯೂಎಲ್ ಭಾಷೆಯಲ್ಲಿ ಬರೆದು, ಪದಗಳನ್ನು ಅಂಟಿಸುವ ಒಂದು ಚುಕ್ಕೆ ಇಟ್ಟು, ವಿಳಾಸದಿಂದ ಬಂದದ್ದನ್ನು ಜೋಡಿಸುತ್ತಾರೆ. ಬಂದದ್ದು 4127 ಆಗಿದ್ದರೆ ಎಲ್ಲ ಸರಿ. ಬಂದದ್ದು "4127 ಅಥವಾ 1=1" ಎಂಬ ಅರ್ಥದ ಎಸ್‌ಕ್ಯೂಎಲ್ ಆಗಿದ್ದರೆ? ಒಂದು ಯಾವತ್ತೂ ಒಂದಕ್ಕೆ ಸಮ, ಆದ್ದರಿಂದ ಪಟ್ಟಿಯ ಪ್ರತಿಯೊಂದು ಸಾಲೂ ಹೊರಗೆ ಬರುತ್ತದೆ. ಡೇಟಾಬೇಸ್‌ಗೆ ಯಾವುದು ನಾವು ಬರೆದದ್ದು, ಯಾವುದು ಬೀದಿಯಿಂದ ಬಂದದ್ದು ಗೊತ್ತಾಗುವುದಿಲ್ಲ. ನಾವೇ ಎರಡನ್ನೂ ಕಲಸಿ ಕೊಟ್ಟಿದ್ದೇವೆ.

ಇದಕ್ಕೆ ಎಸ್‌ಕ್ಯೂಎಲ್ ಇಂಜೆಕ್ಷನ್ ಎಂದು ಹೆಸರು. ಜೆಫ್ ಫಾರಿಸ್ಟಲ್ ಎಂಬುವರು 1998ರ ಡಿಸೆಂಬರ್‌ನಲ್ಲೇ ಫ್ರ್ಯಾಕ್ ಎಂಬ ಹ್ಯಾಕರ್‌ಗಳ ಪತ್ರಿಕೆಯಲ್ಲಿ ಇದರ ಬಗ್ಗೆ ಬರೆದರು. ಈಗ ಲ್ಯಾಬ್‌ನಲ್ಲಿ ಕೂತಿರುವ ಮಕ್ಕಳು ಆಗ ಹುಟ್ಟಿರಲಿಲ್ಲ. ಬರೆದು ಸುಮಾರು 17 ವರ್ಷವಾದ ಮೇಲೆ, 2015ರ ಅಕ್ಟೋಬರ್‌ನಲ್ಲಿ, ಬ್ರಿಟನ್ನಿನ ಟಾಕ್‌ಟಾಕ್ ಎಂಬ ಫೋನ್ ಕಂಪನಿಯಿಂದ ಇದೇ ದಾರಿಯಲ್ಲಿ 1,56,959 ಗ್ರಾಹಕರ ಮಾಹಿತಿ ಹೋಯಿತು. ತೂತು ಇದ್ದದ್ದು ಇನ್ನೊಂದು ಕಂಪನಿಯನ್ನು ಕೊಂಡಾಗ ಜೊತೆಗೆ ಬಂದ ಹಳೆಯ ವೆಬ್ ಪುಟಗಳಲ್ಲಿ. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ 4 ಲಕ್ಷ ಪೌಂಡ್ ದಂಡ ಹಾಕಿತು. ಹಳೆಯ ಪುಟ, ಯಾರೂ ತಿರುಗಿ ನೋಡದ ಪುಟ. ನಮ್ಮ ಎಷ್ಟು ಸಂಘ ಸಂಸ್ಥೆಗಳ ಸೈಟಿನಲ್ಲಿ ಅಂಥ ಪುಟಗಳಿಲ್ಲ?

ಪರಿಹಾರ ಕಷ್ಟದ್ದಲ್ಲ, ಅದೇ ಬೇಜಾರು. ಬೆಲೆಯ ಜಾಗದಲ್ಲಿ ಒಂದು ಪ್ರಶ್ನೆ ಚಿಹ್ನೆ ಇಟ್ಟು ಮೊದಲು ಪ್ರಶ್ನೆಯನ್ನು ಕಳಿಸಬೇಕು. ಆಮೇಲೆ ಬೆಲೆಯನ್ನು ಬೇರೆಯಾಗಿ ಕಳಿಸಬೇಕು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅನ್ನುತ್ತಾರೆ. ಬೀದಿಯಿಂದ ಏನೇ ಬಂದರೂ ಅದು ಬರೀ ಬೆಲೆಯಾಗಿಯೇ ಉಳಿಯುತ್ತದೆ, ಆಜ್ಞೆ ಆಗುವುದಿಲ್ಲ. ಇಂಥ ಸ್ಕ್ರಿಪ್ಟ್ ಬರೆಯುವ ಪಿಎಚ್‌ಪಿ ಭಾಷೆಯಲ್ಲಿ ಇದಕ್ಕೆ ದಾರಿ ಮಾಡಿಕೊಡುವ ಪಿಡಿಒ ಎಂಬ ಸಲಕರಣೆ ಬಂದದ್ದು 2005ರಲ್ಲಿ. ಒಂದು ಸಾಲು ಇದ್ದಲ್ಲಿ ಎರಡು ಸಾಲು ಆಗುತ್ತದೆ. ಎರಡನೇ ಸಾಲು ಬರೆಯಲು ಅರ್ಧ ನಿಮಿಷವೂ ಬೇಡ.

ನಮ್ಮ ಕರಾವಳಿಯಲ್ಲಿ ಈ ತಪ್ಪು ದಿನಾ ಕಣ್ಣಿಗೆ ಬೀಳುತ್ತದೆ. ಡಿಸೋಜ, ಡಿಸಿಲ್ವ, ಡಿಕುನ್ಹ, ಡಿಅಲ್ಮೇಡ ಎಂಬ ಮನೆತನದ ಹೆಸರುಗಳು ನಮ್ಮಲ್ಲಿ ಬೇಕಾದಷ್ಟು. ಇಂಗ್ಲಿಷಿನಲ್ಲಿ ಬರೆಯುವಾಗ ಡಿ ಅಕ್ಷರದ ಪಕ್ಕ ಮೇಲೊಂದು ಕೊಂಬು ಬರುತ್ತದೆ, ಅಪಾಸ್ಟ್ರಫಿ. ಎಸ್‌ಕ್ಯೂಎಲ್‌ನಲ್ಲಿ ಅದೇ ಚಿಹ್ನೆ "ಹೆಸರು ಇಲ್ಲಿಗೆ ಮುಗಿಯಿತು" ಎಂದು ಹೇಳುತ್ತದೆ. ಅಂಟಿಸಿ ಬರೆದ ಸ್ಕ್ರಿಪ್ಟ್‌ನಲ್ಲಿ ಡಿ ಅಕ್ಷರಕ್ಕೇ ಹೆಸರು ಮುಗಿದು, ಸೋಜ ಎಂಬುದು ಅರ್ಥವಾಗದ ಆಜ್ಞೆಯಾಗಿ ಉಳಿದು, ಪುಟ ಎರರ್ ಕೊಟ್ಟು ನಿಲ್ಲುತ್ತದೆ. ಯಾವ ಕಳ್ಳನೂ ಬರಬೇಕಿಲ್ಲ. ಒಬ್ಬ ಪಾಪದ ತಾಯಿ ಮಗನ ಹೆಸರು ತುಂಬಿದರೆ ಸಾಕು.

ಇದಕ್ಕೆ ನಮ್ಮವರು ಮಾಡುವ ರಿಪೇರಿ ಇನ್ನೂ ತಪ್ಪು. ಕೊಂಬನ್ನೇ ನಿಷೇಧಿಸಿಬಿಡುತ್ತಾರೆ. "ಹೆಸರಿನಲ್ಲಿ ವಿಶೇಷ ಚಿಹ್ನೆಗಳಿಗೆ ಅವಕಾಶವಿಲ್ಲ" ಎಂದು ಕೆಂಪು ಅಕ್ಷರದಲ್ಲಿ ಬರುತ್ತದೆ. ಆಮೇಲೆ ಮಾರ್ಕ್ಸ್‌ಕಾರ್ಡ್‌ನಲ್ಲಿ ಒಂದು ಹೆಸರು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ಗಲ್ಫ್‌ಗೆ ಹೋಗುವ ಹುಡುಗ ಅಫಿಡವಿಟ್ ಮಾಡಿಸಲು ನೋಟರಿ ಹತ್ತಿರ ಓಡಾಡುತ್ತಾನೆ. ಪ್ರೋಗ್ರಾಂ ಬರೆದವರ ಒಂದು ಸಾಲಿನ ತಪ್ಪಿಗೆ ಮನೆತನದ ಹೆಸರು ತಿದ್ದಿಕೊಳ್ಳಿ ಎಂದು ಜನರಿಗೆ ಹೇಳುವುದು ನ್ಯಾಯವಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿದರೆ ಕೊಂಬು ಇದ್ದ ಹಾಗೇ ಒಳಗೆ ಹೋಗಿ ಇದ್ದ ಹಾಗೇ ಹೊರಗೆ ಬರುತ್ತದೆ.

ಚೀಟಿಯಲ್ಲಿ ಬರೆದದ್ದು ಅಸಂಬದ್ಧವಾಗಿದ್ದರೆ ಏನು ಮಾಡಬೇಕು ಎಂಬುದಕ್ಕೆ ಬರುತ್ತೇನೆ. ನನ್ನ ಅನುಭವದಲ್ಲಿ ಜನ ಜಾಸ್ತಿ ಎಡವುವುದು ಇಲ್ಲೇ. ಪ್ಯಾರಾಮೀಟರ್ ಬರಲೇ ಇಲ್ಲದಿರಬಹುದು. ಬಂದು ಖಾಲಿ ಇರಬಹುದು. ಒಂದೇ ಹೆಸರು ಎರಡು ಸಲ ಬಂದಿರಬಹುದು. ಆಗ ಪಿಎಚ್‌ಪಿ ಕೊನೆಯದನ್ನು ಹಿಡಿಯುತ್ತದೆ, ಜಾವಾ ಭಾಷೆಯ ಸರ್ವರ್ ಪ್ರೋಗ್ರಾಂ ಆದ ಸರ್ವ್‌ಲೆಟ್‌ನಲ್ಲಿ ಸಾಮಾನ್ಯವಾಗಿ ಓದಿದರೆ ಮೊದಲನೆಯದು ಸಿಗುತ್ತದೆ. ಹೆಸರಿನ ಪಕ್ಕ ಒಂದು ಜೊತೆ ಚೌಕ ಬ್ರಾಕೆಟ್ ಇಟ್ಟು ಕಳಿಸಿದರೆ ಪಿಎಚ್‌ಪಿಗೆ ಅದು ಸಂಖ್ಯೆಯೂ ಅಲ್ಲ, ಪದವೂ ಅಲ್ಲ, ಒಂದು ಪಟ್ಟಿಯಾಗಿ ಸಿಗುತ್ತದೆ. ಪದ ಬರುತ್ತದೆ ಎಂದು ನಂಬಿ ಬರೆದ ಮುಂದಿನ ಸಾಲುಗಳೆಲ್ಲ ತಪ್ಪುತ್ತವೆ.

ಸಂಖ್ಯೆ ಬೇಕಾದಲ್ಲಿ ಸುಮ್ನೆ ಸಂಖ್ಯೆಗೆ ಪರಿವರ್ತಿಸಿದರೆ ಸಾಕು ಎಂದು ಹಲವರು ಹೇಳುತ್ತಾರೆ. ಪಿಎಚ್‌ಪಿಯಲ್ಲಿ ಹಾಗೆ ಮಾಡಿದರೆ 4127ರ ನಂತರ ಏನೇ ಕಸ ಇದ್ದರೂ ಅದು ಉದುರಿ 4127 ಉಳಿಯುತ್ತದೆ, ಬರೀ ಕಸ ಇದ್ದರೆ ಸೊನ್ನೆ ಆಗುತ್ತದೆ. ಇಂಜೆಕ್ಷನ್ ತಪ್ಪುತ್ತದೆ, ನಿಜ. ಆದರೆ ತಪ್ಪು ಚೀಟಿಯನ್ನು ಸರಿ ಚೀಟಿ ಎಂದು ಒಪ್ಪಿಕೊಂಡ ಹಾಗಾಯಿತಲ್ವಾ? ಫಿಲ್ಟರ್ ಇನ್‌ಪುಟ್ ಎಂಬ ಫಂಕ್ಷನ್ 2006ರಿಂದಲೂ ಪಿಎಚ್‌ಪಿಯಲ್ಲಿದೆ. ಪೂರ್ಣಾಂಕವೇ ಬೇಕು, ಒಂದಕ್ಕಿಂತ ಕಡಿಮೆ ಬೇಡ ಎಂದು ಅದಕ್ಕೆ ಹೇಳಬಹುದು. ಬರದಿದ್ದರೆ ಒಂದು ಉತ್ತರ, ತಪ್ಪಾಗಿ ಬಂದರೆ ಇನ್ನೊಂದು ಉತ್ತರ ಕೊಡುತ್ತದೆ. ಒಂದು ಎಚ್ಚರಿಕೆ: ಅದು ಮುಂದೆ ಸೊನ್ನೆ ಇರುವ 0412 ಅನ್ನು ಒಪ್ಪುವುದಿಲ್ಲ. ನಿಮ್ಮ ರಸೀದಿ ನಂಬರ್‌ಗಳು ಸೊನ್ನೆಯಿಂದ ಶುರುವಾಗುತ್ತಿದ್ದರೆ ಅದನ್ನು ಸಂಖ್ಯೆ ಎಂದು ನೋಡದೆ, ಇಷ್ಟೇ ಅಂಕಿಗಳ ಪದ ಎಂದು ಪರೀಕ್ಷಿಸಿ.

ಈಗ ಹೇಳುವುದು ಕನ್ನಡದಲ್ಲಿ ಸೈಟು ಮಾಡುವವರಿಗೆ ವಿಶೇಷವಾಗಿ. ನಮ್ಮ ಕೆಲವು ಹಿರಿಯರು, ಕನ್ನಡ ಕೀಬೋರ್ಡ್ ಹಾಕಿಕೊಂಡವರು, ನಂಬರನ್ನು ೪೧೨೭ ಎಂದೇ ಒತ್ತುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಪಿಎಚ್‌ಪಿ ಅದನ್ನು ಸಂಖ್ಯೆ ಮಾಡಿದರೆ ಸೊನ್ನೆ ಬರುತ್ತದೆ. ಜಾವಾಸ್ಕ್ರಿಪ್ಟ್ ಇದು ಸಂಖ್ಯೆಯೇ ಅಲ್ಲ ಎನ್ನುತ್ತದೆ. ಪೈಥಾನ್ ಸರಿಯಾಗಿ 4127 ಎಂದು ಓದಿಕೊಳ್ಳುತ್ತದೆ! ಮೊದಲ ಸಲ ಇದನ್ನು ನೋಡಿದಾಗ ನನಗೆ ಬಹಳ ಖುಷಿಯಾಯಿತು, ಹಿಂದೆಯೇ ಚಿಂತೆಯೂ ಆಯಿತು. ಪೈಥಾನ್‌ನಲ್ಲಿ "ಎಲ್ಲವೂ ಅಂಕಿಯೇ" ಎಂಬ ಪರೀಕ್ಷೆಯನ್ನು ೪೧೨೭ ಪಾಸಾಗುತ್ತದೆ. ಪಾಸಾದ ಪದವನ್ನು ಸಂಖ್ಯೆ ಮಾಡದೆ ಹಾಗೇ ಇನ್ನೊಂದು ಪ್ರೋಗ್ರಾಂಗೆ ದಾಟಿಸಿದರೆ, ಆ ಪ್ರೋಗ್ರಾಂ ಅದನ್ನು ಸೊನ್ನೆ ಎಂದು ಓದಬಹುದು. ಅದಕ್ಕೇ ಬಾಗಿಲಲ್ಲೇ ಒಂದು ಸಲ ಸಂಖ್ಯೆ ಮಾಡಿಕೊಂಡು, ಒಳಗೆಲ್ಲ ಆ ಸಂಖ್ಯೆಯನ್ನೇ ಬಳಸಬೇಕು. ಪಿಎಚ್‌ಪಿಯಲ್ಲಿ ಬರೆಯುವವರು ಕನ್ನಡ ಅಂಕಿಗಳನ್ನು ಮೊದಲೇ ಬದಲಿಸಿಕೊಳ್ಳಿ. ಹತ್ತೇ ಅಂಕಿ, ಒಂದು ಸಾಲಿನ ಕೆಲಸ.

ಹೆಸರುಗಳದ್ದು ಇನ್ನೂ ಸೂಕ್ಷ್ಮ. "ಅಕ್ಷರ ಮಾತ್ರ ಬಿಡಿ" ಎಂಬ ಪರೀಕ್ಷೆ ಇಂಗ್ಲಿಷಿಗೆ ಸರಿ. ಕನ್ನಡಕ್ಕೆ ಹಾಕಿದರೆ ಭರತ ಒಳಗೆ ಹೋಗುತ್ತಾನೆ, ರಮೇಶ ಹೊರಗೇ ಉಳಿಯುತ್ತಾನೆ. ಯಾಕೆಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಭ, ರ, ತ ಅಕ್ಷರಗಳು, ಆದರೆ ಮೇ ಒಳಗಿರುವ ಏತ್ವದ ಗುರುತು ಅಕ್ಷರವಲ್ಲ, ಚಿಹ್ನೆ. ಒತ್ತಕ್ಷರದ ವಿರಾಮವೂ ಚಿಹ್ನೆ. ರ‍್ಯಾಂಕ್ ಎಂಬಂಥ ಪದದಲ್ಲಿ ಕಣ್ಣಿಗೆ ಕಾಣದ ಇನ್ನೊಂದು ಜೋಡಣೆಯ ಗುರುತು ಇರುತ್ತದೆ, ಅದು ಎರಡೂ ಅಲ್ಲ. ಅಕ್ಷರ, ಚಿಹ್ನೆ, ಆ ಕಾಣದ ಜೋಡಣೆ, ಮೂರಕ್ಕೂ ದಾರಿ ಬಿಡದ ಪರೀಕ್ಷೆ ಕನ್ನಡದ ಹೆಸರುಗಳನ್ನು ಹೊರಗೆ ತಳ್ಳುತ್ತದೆ.

ಉದ್ದವನ್ನೂ ನೋಡಿ. ಕನ್ನಡ ಎಂಬ ಪದ ನಮ್ಮ ಕಣ್ಣಿಗೆ 3 ಅಕ್ಷರ. ಯೂನಿಕೋಡ್‌ಗೆ 5. ಅದನ್ನು ಕಂಪ್ಯೂಟರ್‌ನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ 15 ಬೈಟ್. ವಿಳಾಸದಲ್ಲಿ ಪ್ರತಿ ಬೈಟೂ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕೆ-ಅಕ್ಷರಗಳಾಗಿ ಹೋಗುವುದರಿಂದ ಅಲ್ಲಿ 45. "ಹುಡುಕುವ ಪದ 20ಕ್ಕಿಂತ ಉದ್ದ ಬೇಡ" ಎಂದು ಬರೆದು ಬೈಟ್ ಎಣಿಸಿದರೆ ಕನ್ನಡದಲ್ಲಿ ಆರು ಗುರುತುಗಳಿಗೇ ಬಾಗಿಲು ಮುಚ್ಚಿತು. 20ನೇ ಬೈಟಿಗೆ ಕತ್ತರಿಸಿದರೆ ಒಂದು ಅಕ್ಷರ ನಡುವೆ ತುಂಡಾಗಿ, ಓರೆಯಾಗಿ ನಿಂತ ಕಪ್ಪು ಚೌಕದೊಳಗಿನ ಪ್ರಶ್ನೆ ಚಿಹ್ನೆ ಬರುತ್ತದಲ್ಲ, ಅದು ಬರುತ್ತದೆ. ಪಿಎಚ್‌ಪಿಯಲ್ಲಿ ಎಂಬಿ ಎಂದು ಶುರುವಾಗುವ ಫಂಕ್ಷನ್‌ಗಳು ಇದಕ್ಕೆಂದೇ ಇವೆ, ಅವನ್ನು ಬಳಸಿ. ಇನ್ನೊಂದು ಮಾತು, ಪಿಎಚ್‌ಪಿ ಈ ಶೇಕಡಾ ಬರಹವನ್ನು ತಾನೇ ಬಿಡಿಸಿ ನಿಮ್ಮ ಕೈಗೆ ಕೊಡುತ್ತದೆ. ಅದನ್ನು ನೀವು ಮತ್ತೊಮ್ಮೆ ಬಿಡಿಸಲು ಹೋಗಬೇಡಿ. ಎರಡು ಸಲ ಬಿಡಿಸಿದರೆ, ಮೊದಲ ಪರೀಕ್ಷೆಯಲ್ಲಿ ಕಾಣದೆ ಅಡಗಿದ್ದ ಚಿಹ್ನೆ ಎರಡನೇ ಸಲ ಹೊರಗೆ ಬರುತ್ತದೆ.

ಬಂದ ಪದವನ್ನು ಪುಟದ ಮೇಲೆ ತೋರಿಸುವಾಗ ಇನ್ನೊಂದು ಕಾವಲು. "ನೀವು ಹುಡುಕಿದ್ದು ಇಂಥದ್ದು" ಎಂದು ಹಾಗೇ ತೋರಿಸಿದರೆ, ಯಾರೋ ಕಳಿಸಿದ ಲಿಂಕಿನಲ್ಲಿ ಅಡಗಿದ್ದ ಸ್ಕ್ರಿಪ್ಟ್ ನಮ್ಮ ಸೈಟಿನ ಹೆಸರಿನಲ್ಲೇ ಓದುಗರ ಬ್ರೌಸರ್‌ನಲ್ಲಿ ಓಡುತ್ತದೆ. ತೋರಿಸುವ ಜಾಗದಲ್ಲಿ ಪುಟ ಬರೆಯುವ ಎಚ್‌ಟಿಎಂಎಲ್ ಭಾಷೆಗೆ ತಕ್ಕಂತೆ ಎಸ್ಕೇಪ್ ಮಾಡಬೇಕು, ಅಂದರೆ ಚಿಹ್ನೆಗಳು ಆಜ್ಞೆಯಾಗದೆ ಬರೀ ಅಕ್ಷರವಾಗಿ ಕಾಣುವಂತೆ ಬರೆಯಬೇಕು. ಒಳಗೆ ತೆಗೆದುಕೊಳ್ಳುವಾಗ ಮಾಡಿ ಇಡಬೇಡಿ, ಹಾಗೆ ಮಾಡಿದ ಸೈಟುಗಳಲ್ಲೇ & ಚಿಹ್ನೆಯ ಪಕ್ಕ ಅಂಟಿಕೊಂಡ ವಿಚಿತ್ರ ಅಕ್ಷರಗಳು ರಸೀದಿಯ ಮೇಲೂ ಪ್ರಿಂಟ್ ಆಗುತ್ತವೆ. ಫೈಲಿನ ಹೆಸರನ್ನು ವಿಳಾಸದಿಂದ ತೆಗೆದುಕೊಳ್ಳಲೇಬೇಡಿ. ಯಾವ ಕಾಲಂ ಪ್ರಕಾರ ಜೋಡಿಸಬೇಕು ಎಂಬುದು ವಿಳಾಸದಲ್ಲಿ ಬರುವುದಾದರೆ, ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಅಲ್ಲಿ ಕೆಲಸ ಮಾಡುವುದಿಲ್ಲ. ನಿಮ್ಮದೇ ಪಟ್ಟಿಯಲ್ಲಿರುವ ನಾಲ್ಕೈದು ಹೆಸರುಗಳಲ್ಲಿ ಒಂದಾಗಿದ್ದರೆ ಮಾತ್ರ ಒಪ್ಪಿ.

ಆ ಹುಡುಗ ನನ್ನನ್ನು ಕೇಳಿದ, "ಪೋಸ್ಟ್ ಮಾಡಿಬಿಟ್ರೆ ವಿಳಾಸದಲ್ಲಿ ಕಾಣಲ್ವಲ್ಲ ಸಾರ್?" ಪೋಸ್ಟ್ ಅಂದರೆ ಮಾಹಿತಿಯನ್ನು ವಿಳಾಸದಲ್ಲಿ ಹಾಕದೆ ಬೇರೆಯಾಗಿ ಕಳಿಸುವ ದಾರಿ. ಈ ನಂಬಿಕೆ ಬಹಳ ಜನರಲ್ಲಿದೆ. ಕಣ್ಣಿಗೆ ಕಾಣುವುದಿಲ್ಲ, ಆದರೆ ಕಳಿಸುವವರು ಅವರೇ, ಬೇಕಾದದ್ದನ್ನು ಕಳಿಸಬಹುದು. ಫಾರಂನಲ್ಲಿ ಜಾವಾಸ್ಕ್ರಿಪ್ಟ್ ಹಾಕಿ ಪರೀಕ್ಷೆ ಮಾಡುವುದೂ ಅಷ್ಟೇ, ಅದು ತುಂಬುವವರ ಅನುಕೂಲಕ್ಕೆ, ಸರ್ವರ್‌ನ ಕಾವಲಿಗೆ ಅಲ್ಲ. ಪೋಸ್ಟ್ ಬಳಸಬೇಕಾದ ಕಾರಣ ಬೇರೆ ಇದೆ. ವಿಳಾಸದಲ್ಲಿರುವುದು ಬ್ರೌಸರ್ ಹಿಸ್ಟರಿಯಲ್ಲಿ, ಸರ್ವರ್‌ನ ಲಾಗ್‌ನಲ್ಲಿ ಉಳಿದುಹೋಗುತ್ತದೆ, ಅದಕ್ಕೇ ಪಾಸ್‌ವರ್ಡ್ ಅಲ್ಲಿ ಹಾಕಬಾರದು. ಅಳಿಸುವ, ಬದಲಿಸುವ ಕೆಲಸವನ್ನೂ ಬರೀ ಲಿಂಕಿಗೆ ಕೊಡಬಾರದು. 2005ರಲ್ಲಿ ಗೂಗಲ್, ಪುಟದಲ್ಲಿರುವ ಲಿಂಕುಗಳನ್ನು ಮುಂಚೆಯೇ ತೆರೆದಿಡುವ ವೆಬ್ ಆಕ್ಸಲರೇಟರ್ ಬಿಟ್ಟಾಗ, ಡಿಲೀಟ್ ಲಿಂಕುಗಳನ್ನೂ ಅದು ತೆರೆದು ಜನರ ಮಾಹಿತಿ ಅಳಿಸಿಹೋಗಿತ್ತು.

ಇವೆಲ್ಲ ಹೊಸ ವಿಷಯಗಳಲ್ಲ, ಅದನ್ನು ಗಮನಿಸಿ. ಒಂದು ಕಾಲಕ್ಕೆ ಪಿಎಚ್‌ಪಿಯಲ್ಲಿ ರಿಜಿಸ್ಟರ್ ಗ್ಲೋಬಲ್ಸ್ ಎಂಬ ಸೌಲಭ್ಯ ಇತ್ತು. ವಿಳಾಸದಲ್ಲಿ ಏನು ಬರೆದರೂ ಅದು ತಾನಾಗಿಯೇ ಪ್ರೋಗ್ರಾಂನ ವೇರಿಯಬಲ್ ಆಗುತ್ತಿತ್ತು. ಅಡ್ಮಿನ್ ಸಮ 1 ಎಂದು ಬರೆದು ಕಳಿಸಿದರೆ, ಎಚ್ಚರವಿಲ್ಲದೆ ಬರೆದ ಪ್ರೋಗ್ರಾಂನಲ್ಲಿ ಕಳಿಸಿದವರೇ ಅಡ್ಮಿನ್. ಆ ಭಾಷೆ ಮಾಡುವವರೇ ತಪ್ಪು ತಿಳಿದು 2002ರಲ್ಲಿ ಅದನ್ನು ಆಫ್ ಮಾಡಿಟ್ಟರು, 2012ರಲ್ಲಿ ಕಿತ್ತೇ ಹಾಕಿದರು. ಲ್ಯಾಬ್ ರೆಕಾರ್ಡ್‌ನ ಸಾಲಿನಲ್ಲಿರುವ ಹಳೆಯ ಮೈಎಸ್‌ಕ್ಯೂಎಲ್ ಫಂಕ್ಷನ್‌ಗಳು 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ಇಲ್ಲವೇ ಇಲ್ಲ. ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿ ತನ್ನ ಪ್ರಾಜೆಕ್ಟ್ ತೋರಿಸಲು ಲ್ಯಾಪ್‌ಟಾಪ್‌ನಲ್ಲಿ ಹುಡುಕಿ ಹುಡುಕಿ ಪಿಎಚ್‌ಪಿ ಓಡಿಸುವ ಜ್ಯಾಂಪ್ ಎಂಬ ಸಾಫ್ಟ್‌ವೇರ್‌ನ ಹಳೆಯ ಕಾಲದ ಆವೃತ್ತಿ ಹಾಕಿಕೊಂಡು ಬಂದಿದ್ದಳು. ಹೊಸದರಲ್ಲಿ ರೆಕಾರ್ಡ್‌ನ ಪ್ರೋಗ್ರಾಂ ಓಡುವುದಿಲ್ಲ, ಓಡದಿದ್ದರೆ ಮಾರ್ಕ್ಸ್ ಇಲ್ಲ. ಭಾಷೆಯೇ ಬೇಡ ಎಂದು ಬಿಸಾಡಿದ ಸಾಲನ್ನು ಉಳಿಸಿಕೊಳ್ಳಲು ಆ ಮಗು ಎರಡು ರಾತ್ರಿ ನಿದ್ದೆ ಕೆಟ್ಟಿದ್ದಳು. ಅವಳ ಮುಖ ನೋಡಿ ನನಗೆ ಸಂಕಟವಾಯಿತು.

ಕಾಲೇಜುಗಳು, ಸಂಘಗಳು ಕಾನೂನನ್ನೂ ಗಮನದಲ್ಲಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಯನ್ನು ಕಾಪಾಡಲು ಸರಿಯಾದ ಕ್ರಮ ತೆಗೆದುಕೊಳ್ಳದವರಿಗೆ 250 ಕೋಟಿ ರೂಪಾಯಿ ತನಕ ದಂಡ ಇದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಿದ್ದವು, ಹಂತಹಂತವಾಗಿ ಜಾರಿಗೆ ಬರುತ್ತಿವೆ. ಇನ್ನು ನನ್ನ ಹಾಗೆ ಕೈ ತಪ್ಪಿ ಬೇರೆಯವರ ಪುಟ ಕಂಡವರಿಗೆ ಒಂದು ಮಾತು. ಅಲ್ಲಿಗೇ ನಿಲ್ಲಿಸಿ. ಇನ್ನೂ ನಾಲ್ಕು ನಂಬರ್ ಒತ್ತಿ ನೋಡೋಣ ಎಂದು ಹೋಗಬೇಡಿ, ಅನುಮತಿಯಿಲ್ಲದೆ ಬೇರೆಯವರ ಮಾಹಿತಿ ತೆಗೆಯುವುದು ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳಲ್ಲಿ ಅಪರಾಧವಾಗಬಹುದು, ಮೂರು ವರ್ಷ ಜೈಲಿನ ತನಕ ಹೋಗಬಹುದು. ಸೈಟಿನವರಿಗೆ ತಿಳಿಸಿ. ಕೇಳದಿದ್ದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಇಂಥ ದೂರು ತೆಗೆದುಕೊಳ್ಳುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಗುಂಪುಗಳಿಗೆ ಹಾಕಬೇಡಿ, ಅದರಲ್ಲಿರುವುದು ಯಾರದೋ ಮನೆಯ ಮಗುವಿನ ಫೋನ್ ನಂಬರ್.

ಆ ಹುಡುಗ ಎರಡು ದಿನದಲ್ಲಿ ಸರಿ ಮಾಡಿದ. ರಸೀದಿ ಪುಟಕ್ಕೆ ಲಾಗಿನ್ ಬಂತು, ಪ್ರಶ್ನೆಗೆ "ಮತ್ತು ವಿದ್ಯಾರ್ಥಿ" ಎಂಬ ಭಾಗ ಸೇರಿತು, ಅಂಟಿಸುವ ಸಾಲು ಹೋಗಿ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಂತು. ಒಟ್ಟು ಬದಲಾದದ್ದು ಹನ್ನೊಂದು ಸಾಲು. ಅಕ್ಕನ ಮಗನೇ ಲಾಗಿನ್ ಆಗಿ ತನ್ನ ರಸೀದಿ ತೆಗೆದು ನನಗೆ ಕಳಿಸಿದ, ಪ್ರಿಂಟ್ ತೆಗೆದು ಸಂಜೆಯ ಬಸ್ಸಿಗೆ ಹಾಕಿದೆ. ಇದೇ ಪ್ರೋಗ್ರಾಂ ಬೇರೆ ಮೂರು ಕಡೆ ಬಳಸಿದ್ದೇನೆ, ಅಲ್ಲೂ ಬದಲಾಯಿಸುತ್ತೇನೆ ಎಂದು ಹುಡುಗ ತಾನಾಗಿಯೇ ಹೇಳಿದ. ನನಗೆ ಅವನ ಮೇಲೆ ಗೌರವ ಬಂತು.

ಉಳಿದಿರುವುದು ರೆಕಾರ್ಡ್‌ನ ಪುಟ. ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಲ್ಯಾಬ್ ನಡೆಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನ ಕೇಳಿಕೆ ಇಷ್ಟೇ. ಸಿಲೆಬಸ್ ಬದಲಾಗಲಿ ಎಂದು ಕಾಯಬೇಡಿ, ಸಿಲೆಬಸ್‌ನಲ್ಲಿ ಪ್ರೋಗ್ರಾಂನ ಹೆಸರು ಇರುತ್ತದೆಯೇ ಹೊರತು ಅದರ ಸಾಲು ಇರುವುದಿಲ್ಲ. ಮುಂದಿನ ಬ್ಯಾಚಿನ ರೆಕಾರ್ಡ್‌ಗೆ ಸಹಿ ಹಾಕುವ ಮೊದಲು ಆ ಒಂದು ಸಾಲು ಇದೆಯಾ ನೋಡಿ, ಇದ್ದರೆ ವಾಪಸ್ ಕೊಟ್ಟು ತಿದ್ದಿಸಿ. ವೈವಾದಲ್ಲಿ "ಇದರಲ್ಲಿ ಡಿಸೋಜ ಎಂದು ಕೊಂಬು ಹಾಕಿ ಒತ್ತಿದರೆ ಏನಾಗುತ್ತದೆ?" ಎಂದು ಒಂದು ಪ್ರಶ್ನೆ ಕೇಳಿ. ತಿದ್ದಿದ ಪ್ರೋಗ್ರಾಂಗಳ ಒಂದು ಸೆಟ್ ನಾನು ಕನ್ನಡ ವಿವರಣೆಯ ಜೊತೆ ಬರೆದಿಟ್ಟಿದ್ದೇನೆ. ದಕ್ಷಿಣ ಕನ್ನಡ, ಉಡುಪಿಯ ಯಾವ ಕಾಲೇಜಿನವರು ಕರೆದರೂ ಶನಿವಾರ ಬಂದು ಮಕ್ಕಳ ಜೊತೆ ಲ್ಯಾಬ್‌ನಲ್ಲಿ ಕೂರುತ್ತೇನೆ, ದುಡ್ಡು ಬೇಡ. ಪತ್ರಿಕೆಯ ಕಚೇರಿಯಲ್ಲಿ ನನ್ನ ನಂಬರ್ ಕೊಟ್ಟಿದ್ದೇನೆ.

ಇಂತಿ,
ಒಬ್ಬ ವೆಬ್ ಡೆವಲಪರ್, ಮಂಗಳೂರು